ಭಾವನೆಗಳ ತರಬೇತಿಗೆ ಹೋದರೆ ನನ್ನ ಸಿಟ್ಟು ಕಡಿಮೆ ಆಗುತ್ತಾ?

ಆರನೇ ತರಗತಿ ಟೀಚರ್, ಇಂಡಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಮುಂದಿನ ತಿಂಗಳು ನಮಗೆ ಭಾವನಾತ್ಮಕ ಬುದ್ಧಿವಂತಿಕೆ ಬಗ್ಗೆ ಎರಡು ದಿನದ ತರಬೇತಿ ಇದೆ. ಹೆಸರು ಕೊಡಲಾ ಬೇಡವಾ?

ಯಾಕೆ ಕೇಳ್ತಿದ್ದೇನೆ ಅಂದರೆ, ದೀಪಾವಳಿ ಮುಗಿದ ಮೇಲೆ ನಮ್ಮೂರಲ್ಲಿ ಎಷ್ಟೋ ಮನೆಗಳಿಗೆ ಬೀಗ. ಕಬ್ಬು ಕಡಿಯಲು ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿ ಹತ್ತಿರ ಇರುತ್ತಾರೆ. ಅಂಥ ಒಬ್ಬ ಹುಡುಗ ಮೂರು ದಿನ ಹೋಂವರ್ಕ್ ತರಲಿಲ್ಲ. ನಾಲ್ಕನೇ ದಿನ ಡಸ್ಟರ್ ಟೇಬಲ್ ಮೇಲೆ ಬಡಿದು ಕೂಗಾಡಿದೆ. ಅವನು ಅಳಲಿಲ್ಲ. ಅಂಗಿಯ ಕೊನೆ ಗುಂಡಿ ತಿರುವುತ್ತಾ ನಿಂತ. ತಿರುವಿ ತಿರುವಿ ಗುಂಡಿ ಕಿತ್ತು ಕೈಗೆ ಬಂತು. ಮುಷ್ಟಿಯಲ್ಲಿ ಮುಚ್ಚಿಕೊಂಡು ಹೋಗಿ ಕೂತ. ಅಜ್ಜಿಗೆ ಜ್ವರ, ಅಡುಗೆ ಅವನೇ ಮಾಡುತ್ತಿದ್ದ ಅಂತ ಆಮೇಲೆ ಗೊತ್ತಾಯ್ತು.

ಅವತ್ತು ಬಿಸಿಯೂಟದ ಲೆಕ್ಕ ತಾಳೆ ಆಗದೆ ಬೆಳಿಗ್ಗೆಯಿಂದಲೇ ನನ್ನ ತಲೆ ಕೆಟ್ಟಿತ್ತು. ಆ ಸಿಟ್ಟು ಅವನ ಮೇಲಿನದೇ ಅಲ್ಲ. ಇದನ್ನು ತರಬೇತಿಯಲ್ಲಿ ಕಲಿಸುತ್ತಾರಾ?

ಗಣಿತ ಮಾಸ್ತರ, ಮುಧೋಳ

ಹೋಗಿ ಬನ್ನಿ ಮೇಡಂ. ನಾನು ಹೋಗಿದ್ದೆ. ಮೊದಲ ದಿನ ಪೂರ್ತಿ ಅರ್ಥ ವಿವರಣೆ. 1990ರಲ್ಲಿ ಸಲೋವಿ, ಮೇಯರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಈ ವಿಷಯ ಬರೆದರು. ತನ್ನ ಮನಸ್ಸಲ್ಲಿ, ಎದುರಿನವರ ಮನಸ್ಸಲ್ಲಿ ಏನಾಗ್ತಿದೆ ಅಂತ ಗುರುತಿಸಿ ಅದಕ್ಕೆ ತಕ್ಕಂತೆ ನಡೆಯೋದು. ಅಷ್ಟು ನೆನಪಿದ್ದರೆ ಸಾಕು.

ಎರಡನೇ ದಿನ ನಮ್ಮ ಭಾವನೆಗಳಿಗೆ ಹೆಸರು ಬರೆಯಲು ಹೇಳಿದರು. ನಾನು "ಸಿಟ್ಟು" ಅಂತ ಒಂದೇ ಬರೆದೆ. ಕೆದಕುತ್ತಾ ಹೋದರೆ ಒಳಗೆ ಪಾಠ ಮುಗಿಯಲ್ಲ ಅನ್ನೋ ಹೆದರಿಕೆ ಇತ್ತು, ಹಸಿವೂ ಇತ್ತು. ನಮ್ಮಲ್ಲೇ ಎಷ್ಟು ಪದ ಇವೆ ನೋಡಿ: ಸೆಡವು, ಮುನಿಸು, ಬೇಜಾರು, ಸಂಕಟ, ದಿಗಿಲು. ಈಗ ನನ್ನ ತರಗತಿಯಲ್ಲಿ ಹಾಜರಿ ಕರೆದಾಗ ಮಕ್ಕಳು "ಎಸ್ ಸರ್" ಬದಲು ಇಂಥ ಒಂದು ಪದ ಹೇಳುತ್ತಾರೆ. ಎಂಟನೇ ತರಗತಿಯ ಹುಡುಗಿ ವಾರವಿಡೀ "ದಿಗಿಲು" ಅಂದಳು. ಒಬ್ಬಳೇ ಇದ್ದಾಗ ಕೇಳಿದರೆ, ಮನೆಯಲ್ಲಿ ಅವಳ ಮದುವೆ ಮಾತು ನಡೆದಿತ್ತು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಅವಳು ಈಗಲೂ ಶಾಲೆಗೆ ಬರುತ್ತಾಳೆ.

ನಿವೃತ್ತ ಮುಖ್ಯಶಿಕ್ಷಕಿ, ಬೈಲಹೊಂಗಲ

ತಂಗಿ, ಹೋಗು. ಆದರೆ ಎರಡು ದಿನಕ್ಕೆ ಸಿಟ್ಟು ಹೋಗಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯೋದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ನಾವು ಬೆತ್ತ ಕೆಳಗಿಟ್ಟೆವು, ಬೈಗುಳ ಜಾಸ್ತಿ ಆಯ್ತು.

ನಾವು ಐದು ಜನ ಟೀಚರ್ ತಿಂಗಳ ಸಮಾಲೋಚನಾ ಸಭೆ ಮುಗಿದ ಮೇಲೆ ಅರ್ಧ ಗಂಟೆ ಕೂರುತ್ತಿದ್ದೆವು. ಒಬ್ಬರು ತಾವು ತಾಳ್ಮೆ ಕಳಕೊಂಡ ದಿನದ ಬಗ್ಗೆ ಹೇಳಬೇಕು. ಉಳಿದವರು ಬುದ್ಧಿ ಹೇಳುವಂತಿಲ್ಲ, "ಆಗ ನಿನಗೇನಾಗ್ತಿತ್ತು?" ಅಂತ ಮಾತ್ರ ಕೇಳಬೇಕು. ಎರಡು ಸಲ ಯಾರೂ ಬಾಯಿ ಬಿಡಲಿಲ್ಲ. ಮೂರನೇ ಸಲ ನಾನೇ ಅತ್ತುಬಿಟ್ಟೆ. 2020ರ ಶಿಕ್ಷಣ ನೀತಿ ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆ ಕಲಿಯಬೇಕು ಅನ್ನುತ್ತೆ. ಅದರಲ್ಲಿ ಹತ್ತು ಗಂಟೆ ಹೀಗೆ ಕೂರಲು ಕೊಡಲಿ.

ಆ ಗುಂಡಿ ಏನಾಯ್ತು?

ಆರನೇ ತರಗತಿ ಟೀಚರ್, ಇಂಡಿ ತಾಲ್ಲೂಕು

ಅಕ್ಕೋರೆ, ಅವನ ಕಂಪಾಸ್ ಡಬ್ಬಿಯಲ್ಲೇ ಇತ್ತು. ಬಿಸಿಯೂಟದ ಅಕ್ಕನ ಹತ್ತಿರ ಸೂಜಿ ದಾರ ಇಸ್ಕೊಂಡು ನಿನ್ನೆ ಹೊಲಿದೆ. "ಅವತ್ತು ತಪ್ಪು ನನ್ನದು" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ "ಅಜ್ಜಿಗೆ ಈಗ ಆರಾಮ ಐತ್ರಿ" ಅಂದ.

ಹೆಸರು ಕೊಟ್ಟಿದ್ದೇನೆ. ನಮ್ಮ ಕ್ಲಸ್ಟರ್‌ನ ಮೂವರು ಹಾಗೆ ಕೂರಲು ಒಪ್ಪಿದ್ದಾರೆ. ಈ ಶನಿವಾರ ಮೊದಲು ನಾನೇ ಮಾತಾಡುತ್ತೇನೆ.