ಸಹಾಯ ಬೇಕು: ಪೋಲೊ ಕಾರಿಗೆ ಯಾವ ಲೋವರಿಂಗ್ ಸ್ಪ್ರಿಂಗ್ ಸೂಕ್ತ?

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2017ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಇದ್ದು, ತಿಂಗಳಿಗೆ ಎರಡು ಸಲ ಶಿರಾಡಿ ಘಾಟಿಯ ಮೂಲಕ ಬೆಂಗಳೂರಿನಿಂದ ಮಂಗಳೂರಿಗೆ ಹೋಗಿಬರುತ್ತೇನೆ. ತಿರುವುಗಳಲ್ಲಿ ಕಾರು ಮಗ್ಗುಲಿಗೆ ವಾಲುವುದನ್ನು ತಗ್ಗಿಸುವುದು ನನ್ನ ಉದ್ದೇಶ. ನೋಟ ನನಗೆ ಮುಖ್ಯವಲ್ಲ. ಆದ್ದರಿಂದ ಕಾರಿನ ಎತ್ತರವನ್ನು 25ರಿಂದ 30 ಮಿ.ಮೀ. ಇಳಿಸುವ ಸ್ಪ್ರಿಂಗ್ ಸಾಕೆಂದುಕೊಂಡಿದ್ದೇನೆ. ಐಬಾಕ್, ಎಚ್ ಅಂಡ್ ಆರ್ ಮತ್ತು ಕೋಬ್ರಾ ಎಂಬ ಸ್ಪ್ರಿಂಗ್ ಬ್ರ್ಯಾಂಡ್‌ಗಳ ನಡುವೆ ನಿರ್ಧರಿಸಲಾಗುತ್ತಿಲ್ಲ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಶಾಕ್ ಅಬ್ಸಾರ್ಬರ್‌ಗಳ ವಿಷಯ. ಈಗಿರುವವು 70,000 ಕಿ.ಮೀ. ಓಡಿವೆ. ಗಿಡ್ಡ ಸ್ಪ್ರಿಂಗ್ ಹಾಕಿದಾಗ ಶಾಕ್‌ನ ಒಳಸರಿತಕ್ಕೆ ಉಳಿಯುವ ಅಂತರ ಕಡಿಮೆಯಾಗುತ್ತದೆ. ಸ್ಪ್ರಿಂಗ್ ಅದಕ್ಕೆ ತಕ್ಕಷ್ಟು ಗಡುಸಾಗಿಲ್ಲದಿದ್ದರೆ, ನಾಲ್ವರು ಕುಳಿತು ಡಿಕ್ಕಿಯಲ್ಲಿ ಸಾಮಾನು ತುಂಬಿದಾಗ ಪ್ರತಿ ಹಂಪ್‌ನಲ್ಲೂ ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ರಬ್ಬರ್ ತುಂಡಾದ ಬಂಪ್ ಸ್ಟಾಪ್‌ಗೆ ಬಡಿಯುತ್ತದೆ. ಗಡುಸಾಗಿದ್ದರೆ, ಅದರ ಮರುನೆಗೆತವನ್ನು ಹಳೆಯ ಶಾಕ್ ಹಿಡಿದಿಡಲಾರದು. ಹಾಗಾಗಿ ಸ್ಪ್ರಿಂಗ್‌ನೊಂದಿಗೆ ಬಿಲ್‌ಸ್ಟೈನ್ ಬಿ8ರಂಥ, ಇಳಿಸಿದ ಕಾರಿಗೆಂದೇ ಮಾಡಿದ ಗಿಡ್ಡ ಶಾಕ್‌ಗಳನ್ನೂ ಹಾಕಿಸಬೇಕೆ, ಅಥವಾ ಹೊಸ ಮೂಲ ಶಾಕ್‌ಗಳೇ ಸಾಕೆ?

ಇದೇ ಕಾರಿಗೆ ಇಂಥ ಸ್ಪ್ರಿಂಗ್ ಹಾಕಿಸಿದವರು, ಅಳವಡಿಸಿದ ಮೇಲೆ ಚಕ್ರದ ಅಲೈನ್‌ಮೆಂಟ್ ಎಷ್ಟು ಬದಲಾಯಿತು, ಟೈರ್‌ಗಳ ಒಳಅಂಚು ಬೇಗ ಸವೆಯಿತೆ ಎಂಬುದನ್ನು ದಯವಿಟ್ಟು ತಿಳಿಸಿ. ವಾಹನದ ಮಾರ್ಪಾಡನ್ನು ನಿರ್ಬಂಧಿಸುವ, ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಕಾರಣ, ವಿಮೆ ಅಥವಾ ಆರ್‌ಟಿಒ ತಪಾಸಣೆಯಲ್ಲಿ ತೊಂದರೆ ಎದುರಿಸಿದ್ದರೆ ಅದನ್ನೂ ಮುಚ್ಚುಮರೆಯಿಲ್ಲದೆ ಬರೆಯಿರಿ.