ಪೋರ್ಟೇಜ್, ಟ್ರ್ಯಾಕಿಂಗ್: ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ: ಕೆನಡಾದ ಭೂವಿಜ್ಞಾನ ಸಮೀಕ್ಷೆಯ ಜೋಸೆಫ್ ಟಿರೆಲ್ ಮತ್ತು ಅವರ ತಮ್ಮ ಜೇಮ್ಸ್ 1893ರಲ್ಲಿ ಮೂರು ದೋಣಿ, ಆರು ಅಂಬಿಗರೊಂದಿಗೆ ಅಥಬಾಸ್ಕಾ ಸರೋವರದಿಂದ ಡುಬಾಂಟ್ ನದಿ ಹಿಡಿದು ಹಡ್ಸನ್ ಕೊಲ್ಲಿಗೆ ಹೋದದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪೋರ್ಟೇಜ್‌ಗೆ ‘ಸಾಗಣೆ’, ಟ್ರ್ಯಾಕಿಂಗ್‌ಗೆ ‘ಜಾಡು ಹಿಡಿಯುವುದು’ ಎಂದು ಹಾಕಿದ್ದೇನೆ. ಸರಿಯೇ?

ಉತ್ತರ: ‘ಸಾಗಣೆ’ ಸಾಲದು, ‘ಜಾಡು’ ಪೂರಾ ತಪ್ಪು.

ಪೋರ್ಟೇಜ್ ಎಂದರೆ ಜಲಪಾತವೋ ಬಂಡೆಯ ಸೆಳವೋ ಅಡ್ಡ ಬಂದಾಗ, ಅಥವಾ ಒಂದು ಸರೋವರದಿಂದ ಇನ್ನೊಂದಕ್ಕೆ ನೀರಿನ ದಾರಿ ಇಲ್ಲದಾಗ, ದೋಣಿಯನ್ನೂ ಸಾಮಾನನ್ನೂ ಹೊತ್ತು ನಡೆಯುವುದು. ಹಾಗೆ ನಡೆಯುವ ದಾರಿಗೂ ಅದೇ ಹೆಸರು. ಹಾಗಾಗಿ ಕ್ರಿಯೆಗೆ ‘ದೋಣಿ ಹೊತ್ತು ಸಾಗು’, ದಾರಿಗೆ ‘ಹೊರೆದಾರಿ’ ಎನ್ನಬಹುದು. ಹರಿಗೋಲನ್ನು ಬೋರಲಾಗಿ ತಲೆಗೇರಿಸಿ ನಡೆಯುವುದನ್ನು ತುಂಗಭದ್ರೆಯ ದಡದಲ್ಲಿ ಕಂಡವರಿಗೆ ಇದು ತಟ್ಟನೆ ಹೊಳೆಯುತ್ತದೆ. ಊರಿನ ಹೆಸರಂತೆ ನಿಂತುಹೋದ ಕಡೆ ಮುಟ್ಟಬೇಡಿ: 1778ರಲ್ಲಿ ತುಪ್ಪಳ ವ್ಯಾಪಾರಿ ಪೀಟರ್ ಪಾಂಡ್ ದಾಟಿದ, ಸುಮಾರು 19 ಕಿ.ಮೀ. ಉದ್ದದ ಮೀತೈ ಪೋರ್ಟೇಜ್ ಹಾಗೆಯೇ ಇರಲಿ.

ದೂರ ಹೇಳುವಾಗ ಎಚ್ಚರ. ತುಪ್ಪಳ ವ್ಯಾಪಾರದ ಕಾಲದಲ್ಲಿ ಒಂದು ಮೂಟೆ 90 ಪೌಂಡು, ಅಂದರೆ ಸುಮಾರು 41 ಕಿಲೋ. ಹಣೆಗೆ ಅಗಲ ಪಟ್ಟಿ ಕೊಟ್ಟು ಒಬ್ಬ ಎರಡು ಮೂಟೆ ಬೆನ್ನಿಗೇರಿಸುವುದು ರೂಢಿ. ಸಾಮಾನೆಲ್ಲ ಒಂದೇ ಸಲಕ್ಕೆ ಆಗದೆ ಮೂರು ಸಲ ಹೊರಬೇಕಾದರೆ ನಡುವೆ ಎರಡು ಸಲ ಬರಿಗೈಯಲ್ಲಿ ವಾಪಸ್ ಬರಬೇಕು. 2 ಕಿ.ಮೀ. ಹೊರೆದಾರಿಗೆ 10 ಕಿ.ಮೀ. ನಡಿಗೆ! ‘2 ಕಿ.ಮೀ. ನಡೆದರು’ ಎಂದು ಬರೆದರೆ ಆ ದುಡಿಮೆಯೇ ಮಾಯವಾಗುತ್ತದೆ.

ಟ್ರ್ಯಾಕಿಂಗ್ ಎಂದರೆ ದಡದ ಮೇಲೆ ನಡೆಯುತ್ತಾ ಹಗ್ಗದಿಂದ ದೋಣಿಯನ್ನು ಪ್ರವಾಹದ ಎದುರಿಗೆ ಎಳೆಯುವುದು, ‘ಹಗ್ಗದೆಳೆತ’ ಎನ್ನಿ. ಮುಂತುದಿಗೊಂದು, ಹಿಂತುದಿಗೊಂದು ಹಗ್ಗ. ಮುಂತುದಿ ದಡದಿಂದ ತುಸು ಹೊರಕ್ಕೆ ವಾಲಿದ್ದರೆ ನೀರೇ ದೋಣಿಯನ್ನು ಬಂಡೆಗಳಿಂದ ದೂರ ಇಡುತ್ತದೆ. ಅತಿಯಾಗಿ ವಾಲಿದರೆ ಸೆಳವು ಅಡ್ಡಕ್ಕೆ ಹೊಡೆದು ದೋಣಿ ತುಂಬಿ ಮಗುಚುತ್ತದೆ. ಆಗ ಹಿಂದಿನ ಹಗ್ಗ ಸಡಿಲ ಬಿಡಬೇಕು. ಮುಂದಿನ ಹಗ್ಗಕ್ಕೆ ಜೋತು ದೋಣಿ ತಾನೇ ನೇರವಾಗುತ್ತದೆ.

ಇದೇ ಬರಹಗಳಲ್ಲಿ ಬರುವ ಡೆಷಾರ್ಜ್ ಬೇರೆ. ಅಲ್ಲಿ ಹೊರುವುದು ಸಾಮಾನನ್ನು ಮಾತ್ರ. ಖಾಲಿ ದೋಣಿ ಹಗ್ಗದ ಹಿಡಿತದಲ್ಲಿ ನೀರಲ್ಲೇ ಹೋಗುತ್ತದೆ. ಅದನ್ನು ಹೊರೆದಾರಿ ಎನ್ನಬೇಡಿ, ‘ಹೊರೆ ಇಳಿಸಿ ದಾಟಿಸಿದರು’ ಎಂದರೆ ಸಾಕು.