ಪಿಎಚ್ 6, ಅಮೋನಿಯ 4: ಸೋಡಾ ಹಾಕಬೇಕೇ, ಬೇಡವೇ?

ಪೆರ್ಲದ ಅಡಿಕೆಗಾರ:
ಎಲ್ಲರಿಗೂ ನಮಸ್ಕಾರ. ನೂರು ಲೀಟರಿನ ಗಾಜಿನ ಟ್ಯಾಂಕ್, ಒಳಗೆ ನಾಲ್ಕು ಗೋಲ್ಡ್ ಫಿಶ್, ಬಾವಿಯ ನೀರು. ಟ್ಯಾಂಕ್ ಹಳೆಯದು, ಇಷ್ಟು ಕಾಲ ಏನೂ ತೊಂದರೆ ಇರಲಿಲ್ಲ. ಮಳೆ ಹಿಡಿದ ಮೇಲೆ ಮೀನುಗಳು ಮಂಕಾಗಿವೆ. ರೆಕ್ಕೆ ಮಡಚಿಕೊಂಡು ತಳದಲ್ಲಿ ಕುಳಿತಿರುತ್ತವೆ, ಬಾಲದಲ್ಲಿ ಕೆಂಪು ಗೆರೆಗಳು ಮೂಡಿವೆ. ಅಂಗಡಿಯವರು ಫೋಟೋ ನೋಡಿ ಬ್ಯಾಕ್ಟೀರಿಯ ಎಂದು ಹೇಳಿ, ನೀಲಿ ಮದ್ದನ್ನೂ ಒಂದು ಆಂಟಿಬಯಾಟಿಕ್ ಪುಡಿಯನ್ನೂ ಕೊಟ್ಟಿದ್ದಾರೆ. ಎರಡನ್ನೂ ಇನ್ನೂ ಹಾಕಿಲ್ಲ. ಮಂಗಳೂರಿನಿಂದ ತರಿಸಿದ, ನೀರಿಗೆ ಹನಿ ಹಾಕಿ ಬಣ್ಣ ನೋಡುವ ಕಿಟ್ಟಿನಲ್ಲಿ ನೋಡಿದರೆ ಪಿಎಚ್ 6.0 (7ಕ್ಕಿಂತ ಕಡಿಮೆ ಎಂದರೆ ಹುಳಿ), ಅಮೋನಿಯ 4 ಪಿಪಿಎಂ (ಲೀಟರಿಗೆ 4 ಮಿಲಿಗ್ರಾಂ), ನೈಟ್ರೈಟ್ ಸೊನ್ನೆ, ನೈಟ್ರೇಟ್ 80. ಪಿಎಚ್ ಇಳಿದದ್ದೇ ಕಾರಣ, ದೊಡ್ಡ ಚಮಚ ಅಡುಗೆ ಸೋಡಾ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವುದು ಬಾವನ ವಾದ. ಹಾಕಲೇ?

ಅಕ್ಕಲಕೋಟೆ ಬೋರ್‌ವೆಲ್:
ಹಾಕಿ ಅಣ್ಣ, ಯೋಚನೆ ಏಕೆ? ನಮ್ಮ ಸೊಲ್ಲಾಪುರ ಜಿಲ್ಲೆಯ ಬೋರಿನ ನೀರು ಕಪ್ಪುಕಲ್ಲಿನ ನೆಲದಿಂದ ಬರುತ್ತದೆ, ಪಿಎಚ್ 8.2. ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುವಷ್ಟು ಗಡಸು. ಅದರಲ್ಲಿಯೇ ನನ್ನ ಗೋಲ್ಡ್ ಫಿಶ್ ಅಂಗೈಯಷ್ಟು ದೊಡ್ಡದಾಗಿವೆ. ಗೋಲ್ಡ್ ಫಿಶ್‌ಗೆ 6 ಹಿಡಿಸುವುದಿಲ್ಲ.

ಬದಿಯಡ್ಕ ಟೀಚರ್:
ದಯವಿಟ್ಟು ಹಾಕಬೇಡಿ. ಗೋಲ್ಡ್ ಫಿಶ್‌ಗೆ 6 ಹಿಡಿಸುವುದಿಲ್ಲ ಎನ್ನುವುದು ಸರಿ. ಆದರೆ ಪಿಎಚ್ ಒಂದನ್ನೇ ನೋಡಿ ಮದ್ದು ನಿರ್ಧರಿಸುವುದು ತಪ್ಪು. ಪಕ್ಕದಲ್ಲಿ ಅಮೋನಿಯ 4 ಎಂದು ಬರೆದದ್ದನ್ನು ಯಾರೂ ನೋಡಲಿಲ್ಲವೇ?

ಕಿಟ್ಟು ತೋರಿಸುವುದು ಒಟ್ಟು ಅಮೋನಿಯ. ಅದರಲ್ಲಿ ಎರಡು ರೂಪಗಳಿವೆ. ಅಮೋನಿಯಂ ಎಂಬ ರೂಪದಿಂದ ಮೀನಿಗೆ ಹೆಚ್ಚು ಹಾನಿಯಿಲ್ಲ, ಬರೀ ಅಮೋನಿಯ ಮಾತ್ರ ವಿಷ. ಯಾವುದು ಎಷ್ಟಿರುತ್ತದೆ ಎಂದು ತೀರ್ಮಾನಿಸುವುದು ಪಿಎಚ್ ಮತ್ತು ನೀರಿನ ಶಾಖ. 28 ಡಿಗ್ರಿಯಲ್ಲಿ ಪಿಎಚ್ 6 ಇದ್ದರೆ ಒಟ್ಟಿನಲ್ಲಿ ವಿಷದ ಪಾಲು ಸುಮಾರು ಶೇಕಡ 0.07. ಪಿಎಚ್ 7ಕ್ಕೆ ಹೋದರೆ ಶೇಕಡ 0.7. 8ಕ್ಕೆ ಹೋದರೆ ಶೇಕಡ 6ರಿಂದ 7. ನಿಮ್ಮ 4 ಪಿಪಿಎಂನಲ್ಲಿ ಈಗ ವಿಷ 0.003ರಷ್ಟು ಮಾತ್ರ. ಒಂದು ದೊಡ್ಡ ಚಮಚ ಸೋಡಾ ಸುರಿದು ಪಿಎಚ್ 8ರ ಹತ್ತಿರ ಹೋಯಿತೆಂದರೆ ಅದೇ ನೀರಿನಲ್ಲಿ 0.26. ಕಿವಿರಿಗೆ ಪೆಟ್ಟು ಬೀಳಲು 0.05 ಸಾಕು. ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕೂ ಮೀನು ತೇಲುತ್ತಿರುತ್ತವೆ, ಬಾವನವರು ಸೋಡಾ ಹಳೆಯದಿತ್ತು ಎನ್ನುತ್ತಾರೆ.

ಅಕ್ಕಲಕೋಟೆ ಬೋರ್‌ವೆಲ್:
ಲೆಕ್ಕ ಒಪ್ಪಿದೆ ಟೀಚರ್. ಆದರೆ ಒಂದು ಮಾತು ಬಗೆಹರಿಯಲಿಲ್ಲ. ಈಗ ವಿಷವೇ ಇಲ್ಲ ಎಂದಾದರೆ ಮೀನು ಮಂಕಾದದ್ದು ಏಕೆ? ಅಂಗಡಿಯವರು ಹೇಳಿದ ಬ್ಯಾಕ್ಟೀರಿಯವೇ ನಿಜವಿರಬಹುದಲ್ಲ?

ಬದಿಯಡ್ಕ ಟೀಚರ್:
ಒಳ್ಳೆಯ ಪ್ರಶ್ನೆ. ಹನಿ ಕಿಟ್ಟಿನ ಪಿಎಚ್ ಬಣ್ಣ 6.0ಕ್ಕೇ ನಿಲ್ಲುತ್ತದೆ. ಅದಕ್ಕಿಂತ ಕೆಳಗೆ 5.5 ಇದ್ದರೂ ಅದೇ ಹಳದಿ, 5 ಇದ್ದರೂ ಅದೇ ಹಳದಿ. ಹಾಗಾಗಿ ಅಡಿಕೆಗಾರರು 6.0 ಎಂದು ಬರೆದದ್ದನ್ನು ‘6 ಅಥವಾ ಅದಕ್ಕಿಂತ ಕಡಿಮೆ’ ಎಂದು ಓದಬೇಕು. ಹುಳಿ ನೀರೇ ಮೀನಿನ ಮೈಯ ಲೋಳೆಯನ್ನೂ ಕಿವಿರನ್ನೂ ಕೆಡಿಸುತ್ತದೆ. ಕೆಂಪು ಗೆರೆಗಳಲ್ಲಿ ಬ್ಯಾಕ್ಟೀರಿಯ ಸೇರಿಕೊಂಡಿರಲೂಬಹುದು, ಆದರೆ ಅದಕ್ಕೆ ಬಾಗಿಲು ತೆರೆದದ್ದು ನೀರು.

ಇನ್ನೊಂದನ್ನು ಗಮನಿಸಿ. ನೈಟ್ರೇಟ್ 80 ಇದೆ. ಫಿಲ್ಟರಿನ ಬ್ಯಾಕ್ಟೀರಿಯ ಅಮೋನಿಯವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಹೊಸ ಟ್ಯಾಂಕಿನಲ್ಲಿ ಅಮೋನಿಯ ಏರಿದರೆ ನೈಟ್ರೇಟ್ ಇರುವುದಿಲ್ಲ. ಇಲ್ಲಿ ಎರಡೂ ಇವೆ. ಎಂದರೆ ಫಿಲ್ಟರಿನ ಬ್ಯಾಕ್ಟೀರಿಯ ಬಹುಕಾಲ ಚೆನ್ನಾಗಿಯೇ ದುಡಿದು ಈಚೆಗೆ ನಿಂತಿವೆ. ಒಂದು ಮಿಲಿಗ್ರಾಂ ಅಮೋನಿಯ ಸಾರಜನಕವನ್ನು ನೈಟ್ರೇಟ್ ಮಾಡಲು ಅವು ನೀರಿನ ಕ್ಷಾರವನ್ನು ಏಳು ಮಿಲಿಗ್ರಾಂನಷ್ಟು ತಿನ್ನುತ್ತವೆ. ನಮ್ಮ ಮುರಕಲ್ಲಿನ ಬಾವಿಗಳಲ್ಲಿ ಕ್ಷಾರ ಮೊದಲೇ ಇಲ್ಲ. ತಿಂದು ಮುಗಿದ ಮೇಲೆ ಪಿಎಚ್ ಕುಸಿಯಿತು, ಕುಸಿದ ಮೇಲೆ ಬ್ಯಾಕ್ಟೀರಿಯ ನಿಂತವು, ನಿಂತ ಮೇಲೆ ಅಮೋನಿಯ ಏರಿತು. ಕೆಎಚ್, ಎಂದರೆ ನೀರಿನ ಕ್ಷಾರ ಎಷ್ಟಿದೆ ಎಂದು ಅಳೆದು ಹೇಳಿ. ಹನಿ ಹಾಕಿದಾಗ ಮೊದಲು ನೀಲಿಯಾದ ನೀರು ಎಷ್ಟನೆಯ ಹನಿಗೆ ಹಳದಿಯಾಗುತ್ತದೋ ಅಷ್ಟು ಡಿಗ್ರಿ.

ಕುಂಬಳೆಯ ಅಜ್ಜ:
ಮಕ್ಕಳೇ, ನಾವು ಬಾವಿಗೆ ಮೀನು ಬಿಟ್ಟವರು, ಸಿಮೆಂಟಿನ ತೊಟ್ಟಿಯಲ್ಲಿ ಸಾಕಿದವರು. ಯಾವ ಹನಿಯನ್ನೂ ಹಾಕಿ ಅಳೆದವರಲ್ಲ. ಮೀನು ಮೇಲೆ ಬಂದು ಬಾಯಿ ಬಿಟ್ಟರೆ ನೀರು ಕೆಟ್ಟಿದೆ ಎಂದು ತಿಳಿಯಲು ಕಣ್ಣು ಸಾಕು. ಅರ್ಧ ನೀರು ತೆಗೆದು ಹೊಸದು ಹಾಕಿ, ಒಂದು ಹಿಡಿ ಕಲ್ಲುಪ್ಪು ಹಾಕಿ, ಎರಡು ದಿನ ತಿನ್ನಲು ಕೊಡಬೇಡಿ. ನೂರಕ್ಕೆ ತೊಂಬತ್ತು ಸಲ ಅಷ್ಟರಲ್ಲಿ ಮುಗಿಯುತ್ತದೆ. ಕಿಟ್ಟಿಗೆ ಕೊಡುವ ಹಣದಲ್ಲಿ ನೀರು ತುಂಬಿಡಲು ಎರಡು ಡ್ರಮ್ಮು ಬರುತ್ತದೆ.

ಹೊಸೂರು ಗಪ್ಪಿ:
ಅಜ್ಜ, ತಿನ್ನಲು ಕೊಡಬಾರದು ಎನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಅರ್ಧ ನೀರು ಬದಲಿಸುವುದಕ್ಕೆ ಮಾತ್ರ ಇಲ್ಲ. ನನ್ನ ಊರಿನಲ್ಲಿ ಹೊಗೇನಕಲ್ ನಳ್ಳಿ ನೀರು ಬರುತ್ತದೆ, ಕ್ಲೋರಿನ್ ಇರುತ್ತದೆ. ಬೋರಿನದು ಗಡಸು. ಇಂಥ ಟ್ಯಾಂಕಿಗೆ ಆ ಬೋರಿನ ನೀರನ್ನು ಅರ್ಧ ಸುರಿದರೆ ಸೋಡಾ ಹಾಕಿದ ಹಾಗೆಯೇ ಆಗುತ್ತದೆ. ‘ನೀರು ಬದಲಿಸಿದ ಮರುದಿನವೇ ಸತ್ತವು’ ಎಂದು ಜನ ಹೇಳುವ ಎಷ್ಟೋ ಕತೆಗಳ ಹಿಂದೆ ಇರುವುದು ಇದೇ. ನೀರು ಬದಲಿಸಿದ್ದು ತಪ್ಪಲ್ಲ, ಬಂದ ನೀರು ಯಾವುದೆಂದು ನೋಡದೆ ಬದಲಿಸಿದ್ದು ತಪ್ಪು. ಅಡಿಕೆಗಾರರೇ, ಟ್ಯಾಂಕಿನ ಜೊತೆಗೆ ಬಾವಿಯನ್ನೂ ಪರೀಕ್ಷಿಸಿ.

ಮುಳ್ಳೇರಿಯ ತೋಟ:
ಎಲ್ಲರೂ ಅಮೋನಿಯದ ಹಿಂದೆ ಬಿದ್ದಿದ್ದೀರಿ. ಊರು ಪೆರ್ಲ, ಕಾಲ ಮಳೆಗಾಲ. ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಡುವ ಸಮಯವಲ್ಲವೇ? ಬೋರ್ಡೋ ದ್ರಾವಣ ಎಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಅದರಲ್ಲಿರುವುದು ತಾಮ್ರ. ತಾಮ್ರ ಮೀನಿಗೆ ವಿಷ, ಅದರಲ್ಲೂ ನಮ್ಮಂಥ ಮೆದು ನೀರಿನಲ್ಲಿ ಸ್ವಲ್ಪವೇ ಸಾಕು. ಮದ್ದು ಕಲಸಿದ ಡ್ರಮ್ಮಿನಲ್ಲಿಯೋ ಬಕೆಟ್ಟಿನಲ್ಲಿಯೋ ಟ್ಯಾಂಕಿನ ನೀರು ತುಂಬಿದ್ದೀರೇ? ನಿಮ್ಮ ಕಿಟ್ಟಿನಲ್ಲಿ ತಾಮ್ರದ ಹನಿ ಇರಲಿಕ್ಕಿಲ್ಲ.

ಟೀಚರಿಗೂ ಒಂದು ಮಾತು. ತೋಟದ ನಡುವಿನ ಬಾವಿಯಲ್ಲಿ ಗೊಬ್ಬರದ ನೈಟ್ರೇಟ್ ಇಳಿದಿರಬಹುದು. ಆ 80 ಫಿಲ್ಟರಿನ ದುಡಿಮೆಯೇ ಎಂದು ಹೇಗೆ ಹೇಳುತ್ತೀರಿ?

ಬದಿಯಡ್ಕ ಟೀಚರ್:
ಬಾವಿಯನ್ನು ಅಳೆಯದೆ ಹೇಳಲಾಗದು, ನಿಜ. ಗಪ್ಪಿಯವರು ಹೇಳಿದ್ದೂ ಅದನ್ನೇ. ತಾಮ್ರಕ್ಕೆ ಕಿಟ್ಟು ಬೇಡ. ಅಡಿಕೆಗಾರರೇ, ಟ್ಯಾಂಕಿನಲ್ಲಿ ಬಸವನಹುಳು ಇವೆಯೇ?

ಪೆರ್ಲದ ಅಡಿಕೆಗಾರ:
ಬೇಕಾದಷ್ಟಿವೆ, ಗಿಡದ ಜೊತೆ ಬಂದವು. ಗಾಜಿನ ಮೇಲೆ ಓಡಾಡಿಕೊಂಡಿವೆ. ಆದರೆ ಚಿಪ್ಪುಗಳು ಸವೆದು ಬೆಳ್ಳಗಾಗಿವೆ, ಕೆಲವಕ್ಕೆ ತುದಿಯಲ್ಲಿ ತೂತು ಬಿದ್ದಿದೆ. ಮದ್ದಿನ ಡ್ರಮ್ಮು ಬೇರೆಯೇ ಇದೆ, ಅದನ್ನು ಮನೆಯ ಹತ್ತಿರ ತರುವುದಿಲ್ಲ.

ಬಾವಿಯ ನೀರು ನೋಡಿದೆ. ಅಮೋನಿಯ ಸೊನ್ನೆ, ನೈಟ್ರೇಟ್ 5. ಎತ್ತಿದ ಕೂಡಲೇ ಪಿಎಚ್ 6.0ರ ಹಳದಿ. ಬಕೆಟ್ಟಿನಲ್ಲಿ ರಾತ್ರಿಯಿಡೀ ಗಾಳಿ ಊದಿಸಿದ ಮೇಲೆ 6.8. ಕೆಎಚ್ ಪರೀಕ್ಷೆಯಲ್ಲಿ ಬಾವಿಯ ನೀರು ಎರಡನೆಯ ಹನಿಗೆ ಹಳದಿಯಾಯಿತು. ಟ್ಯಾಂಕಿನದು ಮೊದಲ ಹನಿಗೇ ಹಳದಿ, ನೀಲಿ ಬರಲೇ ಇಲ್ಲ.

ಮುಳ್ಳೇರಿಯ ತೋಟ:
ಹಾಗಾದರೆ ನನ್ನ ತಾಮ್ರದ ಮಾತು ಇಲ್ಲಿಗೆ ನಿಲ್ಲಲಿ. ತಾಮ್ರ ಬಿದ್ದಿದ್ದರೆ ಮೀನಿಗಿಂತ ಮೊದಲು ಬಸವನಹುಳು ಉದುರುತ್ತಿದ್ದವು. ಬದುಕಿವೆ, ಚಿಪ್ಪು ಮಾತ್ರ ಕರಗಿದೆ. ಅಂದರೆ ಹುಳಿ ನೀರು, ಕ್ಷಾರವಿಲ್ಲ. ಟೀಚರ್ ಹೇಳಿದ್ದಕ್ಕೆ ಹುಳುಗಳೇ ಸಾಕ್ಷಿ ಹೇಳಿದವು.

ಕುಂಬಳೆಯ ಅಜ್ಜ:
ನೋಡಿ, ಹುಳದ ಚಿಪ್ಪು ನೋಡಿ ಹೇಳಿದಿರಿ. ಕಣ್ಣು ಸಾಕು ಎಂದು ನಾನು ಹೇಳಿದ್ದೂ ಅದನ್ನೇ.

ಬದಿಯಡ್ಕ ಟೀಚರ್:
ಕಣ್ಣು ಬೇಕು ಅಜ್ಜ, ಬೇಡವೆಂದವರು ಯಾರು? ಆದರೆ 4 ಪಿಪಿಎಂ ಅಮೋನಿಯ ಇರುವ ನೀರು ಕಣ್ಣಿಗೆ ಪನ್ನೀರಿನಷ್ಟೇ ತಿಳಿ. ಎತ್ತಿದ ಕೂಡಲೇ 6, ಮರುದಿನ 6.8 ಎನ್ನುವುದೂ ಕಣ್ಣಿಗೆ ಕಾಣುವುದಿಲ್ಲ. ಬಾವಿಯೊಳಗಿನ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹಾರಿಹೋಗುವುದರಿಂದ ಆ ಏರಿಕೆ. ನಿಮ್ಮ ಡ್ರಮ್ಮಿನ ನೀರು ಮೀನಿಗೆ ಒಗ್ಗುತ್ತಿದ್ದುದಕ್ಕೆ ಕಾರಣವೂ ಇದೇ ಇರಬೇಕು.

ಹೊಸೂರು ಗಪ್ಪಿ:
ಇನ್ನು ಏನು ಮಾಡಬೇಕೆಂಬ ವಿಷಯಕ್ಕೆ ಬರೋಣ. ನನ್ನ ಅಭಿಪ್ರಾಯ: ಮೊದಲು ಅಮೋನಿಯ ಇಳಿಸಿ. ರಾತ್ರಿ ಗಾಳಿ ಊದಿಸಿದ ಬಾವಿ ನೀರಿನಿಂದ ದಿನಕ್ಕೆ ಹತ್ತು ಹದಿನೈದು ಲೀಟರ್ ಬದಲಿಸಿ. ಫಿಲ್ಟರಿನಲ್ಲಿ ಅಮೋನಿಯ ಹಿಡಿಯುವ ಜಿಯೋಲೈಟ್ ಕಲ್ಲು ಇಡಿ. ಅಮೋನಿಯ 0.5ಕ್ಕೆ ಬರುವ ತನಕ ಸೋಡಾ, ಚಿಪ್ಪು ಯಾವುದೂ ಬೇಡ. ಅಜ್ಜನ ಉಪ್ಪೂ ಬೇಡ, ಉಪ್ಪಿನ ನೀರಿನಲ್ಲಿ ಜಿಯೋಲೈಟ್ ಹಿಡಿದ ಅಮೋನಿಯವನ್ನು ವಾಪಸು ಬಿಡುತ್ತದೆ.

ಬದಿಯಡ್ಕ ಟೀಚರ್:
ಇಲ್ಲಿ ನಿಮ್ಮ ಜೊತೆ ಜಗಳವಿದೆ. 0.5 ಬರುವ ತನಕ ಕಾಯಿರಿ ಎಂದರೆ ಅಷ್ಟು ಕಾಲ ಫಿಲ್ಟರ್ ಸತ್ತೇ ಇರುತ್ತದೆ. ಮೀನು ಪ್ರತಿದಿನ ಕಿವಿರಿನಿಂದ ಅಮೋನಿಯ ಬಿಡುತ್ತಲೇ ಇರುತ್ತದೆ. ನಾಲ್ಕು ಗೋಲ್ಡ್ ಫಿಶ್ ಎಂದರೆ ಸಣ್ಣ ಕಾರ್ಖಾನೆ. ನೀವು ತೆಗೆದಷ್ಟನ್ನು ಅವು ತುಂಬುತ್ತವೆ. ಅಮೋನಿಯ 2ಕ್ಕೆ ಇಳಿದಾಗಲೇ ಕೆಎಚ್ ಮೆಲ್ಲಗೆ ಏರಿಸಲು ಆರಂಭಿಸಬೇಕು. ನೂರು ಲೀಟರಿಗೆ 3 ಗ್ರಾಂ ಸೋಡಾ ಹಾಕಿದರೆ ಕೆಎಚ್ ಒಂದು ಡಿಗ್ರಿ ಏರುತ್ತದೆ. ಅದರ ನಾಲ್ಕನೆಯ ಒಂದು ಪಾಲನ್ನು ಹೊಸ ನೀರಿನಲ್ಲಿ ಕರಗಿಸಿ ಹಾಕಿದರೆ ಪಿಎಚ್ ಒಮ್ಮೆಗೇ ಜಿಗಿಯುವುದಿಲ್ಲ.

ಹೊಸೂರು ಗಪ್ಪಿ:
ತಕ್ಕಡಿ ಇರುವ ಟೀಚರ್ ಮನೆಯಲ್ಲಿ ಅದು ನಡೆಯುತ್ತದೆ. ಮುಕ್ಕಾಲು ಗ್ರಾಂ ಸೋಡಾವನ್ನು ಅಡುಗೆಮನೆಯ ಚಮಚದಲ್ಲಿ ಅಳೆಯುವವರ ಕೈಗೆ ಈ ಸಲಹೆ ಕೊಡಲು ನನಗೆ ಧೈರ್ಯವಿಲ್ಲ. ಸೋಡಾಕ್ಕಿಂತ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ಒಳ್ಳೆಯದು. ತೊಳೆದು, ಕುದಿಸಿ, ಜಜ್ಜಿ ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನ ಬಾಯಿಗೆ ಇಡಿ. ನೀರು ಹುಳಿಯಿದ್ದಾಗ ಕರಗುತ್ತದೆ, ಪಿಎಚ್ ಏಳನ್ನು ದಾಟಿದ ಮೇಲೆ ತಾನಾಗಿ ನಿಧಾನವಾಗುತ್ತದೆ. ಅಳತೆ ತಪ್ಪುವ ಭಯವಿಲ್ಲ.

ಬದಿಯಡ್ಕ ಟೀಚರ್:
ಚಿಪ್ಪಿಗೆ ನನ್ನ ಒಪ್ಪಿಗೆ ಇದೆ. ಆದರೆ 0.5ರ ತನಕ ಅಲ್ಲ, ನಾಳೆಯಿಂದಲೇ ಸಣ್ಣ ಹಿಡಿ.

ಅಕ್ಕಲಕೋಟೆ ಬೋರ್‌ವೆಲ್:
ನನ್ನದೇ ಟ್ಯಾಂಕನ್ನು ಈಗ ಅಳೆದೆ. ಅಮೋನಿಯ 0.5 ತೋರಿಸುತ್ತಿದೆ. ಇದುವರೆಗೆ ಅಷ್ಟೇ ತಾನೇ ಎಂದು ಬಿಡುತ್ತಿದ್ದೆ. 8.2ಕ್ಕೆ ಅದೆಷ್ಟು ವಿಷ?

ಬದಿಯಡ್ಕ ಟೀಚರ್:
28 ಡಿಗ್ರಿಯಾದರೆ ಶೇಕಡ 10, ಎಂದರೆ 0.05. ಪೆರ್ಲದ 4ಕ್ಕಿಂತ ನಿಮ್ಮ 0.5 ಹೆಚ್ಚು ಅಪಾಯಕಾರಿ. ಇವತ್ತೇ ನೀರು ಬದಲಿಸಿ. ನಿಮ್ಮಲ್ಲಿ ಬರುವ ನೀರೂ ಟ್ಯಾಂಕಿನ ನೀರೂ ಒಂದೇ ಆದ್ದರಿಂದ ಅರ್ಧ ಬದಲಿಸಿದರೂ ತೊಂದರೆಯಿಲ್ಲ.

ಮುಳ್ಳೇರಿಯ ತೋಟ:
ಒಂದು ಎಚ್ಚರಿಕೆ. ನಮ್ಮಲ್ಲಿ ಮಳೆಗಾಲದಲ್ಲಿ ಆರೋಗ್ಯ ಇಲಾಖೆಯವರು ಬಂದು ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿ ಹೋಗುತ್ತಾರೆ. ಒಳ್ಳೆಯದೇ, ಕಾಮಾಲೆ ತಡೆಯಲು ಬೇಕು. ಆದರೆ ಆ ದಿನದ ನೀರನ್ನು ಟ್ಯಾಂಕಿಗೆ ಹಾಕಿದರೆ ಯಾವ ಅಮೋನಿಯ ಕಿಟ್ಟೂ ಕಾರಣ ಹೇಳುವುದಿಲ್ಲ. ಮನೆಯವರಲ್ಲಿ ಕೇಳಿಕೊಂಡು ನೀರು ಎತ್ತಿ.

ಹೊಸೂರು ಗಪ್ಪಿ:
ಕಿಟ್ಟು ಹೇಳದ ಇನ್ನೊಂದೂ ಇದೆ. ಎಲ್ಲ ಅಂಕಿಗಳೂ ಸರಿಯಿದ್ದು ಮೀನು ಮೈ ಉಜ್ಜಿಕೊಳ್ಳುತ್ತಿದ್ದರೆ, ಮೈಮೇಲೆ ಉಪ್ಪಿನ ಹರಳಿನಂಥ ಚುಕ್ಕೆ ಕಂಡರೆ, ಅದು ಪರಾವಲಂಬಿ. ಕಿವಿರಿನ ಹುಳವಾದರೆ ಚುಕ್ಕೆಯೂ ಇರುವುದಿಲ್ಲ. ಆಗ ಮದ್ದು ಬೇಕೇ ಬೇಕು. ನೀರಿನ ಪರೀಕ್ಷೆ ಮೊದಲು ಎನ್ನುತ್ತೇನೆಯೇ ಹೊರತು ಅದೊಂದೇ ಸಾಕು ಎನ್ನುವುದಿಲ್ಲ. ಅಂಗಡಿಯ ನೀಲಿ ಮದ್ದನ್ನು ಈ ಟ್ಯಾಂಕಿಗೆ ಹಾಕದೆ ಇಟ್ಟದ್ದು ಪುಣ್ಯ. ಮೆಥಿಲೀನ್ ಬ್ಲೂ ಫಿಲ್ಟರಿನ ಬ್ಯಾಕ್ಟೀರಿಯವನ್ನೇ ಕೊಲ್ಲುತ್ತದೆ, ಮೇಲಾಗಿ ನೀರೇ ನೀಲಿಯಾದ ಮೇಲೆ ಹನಿಯ ಬಣ್ಣ ಓದುವುದು ಹೇಗೆ?

ಪೆರ್ಲದ ಅಡಿಕೆಗಾರ:
ಎಲ್ಲರಿಗೂ ಧನ್ಯವಾದ. ನೀರನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತ ಬಂದೆ, ಟೀಚರ್ ಹೇಳಿದಂತೆ ಚಿಪ್ಪಿನ ಚೀಲವನ್ನೂ ಮೊದಲೇ ಇಟ್ಟೆ. ಇವತ್ತು ಅಮೋನಿಯ 1, ಪಿಎಚ್ 6.4, ಕೆಎಚ್ ಎರಡನೆಯ ಹನಿಗೆ ತಿರುಗುತ್ತಿದೆ. ಮೂರು ಮೀನು ಮೇಲೆ ಬಂದು ತಿನ್ನಲು ಕೇಳುತ್ತಿವೆ, ಒಂದು ಇನ್ನೂ ತಳದಲ್ಲಿದೆ. ನೈಟ್ರೈಟ್ 0.25 ಎಂದು ಹೊಸದಾಗಿ ಕಾಣಿಸಿಕೊಂಡಿದೆ. ಹೆದರಬೇಕೇ?

ಬದಿಯಡ್ಕ ಟೀಚರ್:
ಅದು ಫಿಲ್ಟರ್ ಎಚ್ಚರಗೊಂಡ ಗುರುತು. ಅಮೋನಿಯವನ್ನು ತಿನ್ನುವವು ಮೊದಲು ಎದ್ದಿವೆ, ನೈಟ್ರೈಟನ್ನು ತಿನ್ನುವವು ಹಿಂದೆ ಉಳಿದಿವೆ. ಆದರೆ ನೈಟ್ರೈಟ್ ಮೀನಿನ ರಕ್ತಕ್ಕೆ ಆಮ್ಲಜನಕ ಹೊರಲು ಬಿಡುವುದಿಲ್ಲ, ಹಾಗಾಗಿ ದಿನವೂ ಅಳೆಯಿರಿ. ಏರುತ್ತ ಹೋದರೆ ಜಿಯೋಲೈಟ್ ಹೊರಗೆ ತೆಗೆದು ಅಜ್ಜನ ಉಪ್ಪು ಹಾಕಿ, ಹಿಡಿಯಲ್ಲ, ನೂರು ಲೀಟರಿಗೆ 50 ಗ್ರಾಂ. ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನೊಳಗೆ ಹೋಗಲು ಬಿಡುವುದಿಲ್ಲ.

ಕುಂಬಳೆಯ ಅಜ್ಜ:
ಕಡೆಗೆ ಉಪ್ಪಿಗೇ ಬಂದಿರಿ. ಕಲ್ಲುಪ್ಪಾದರೆ ಮೊದಲು ಬೇರೆ ಪಾತ್ರೆಯಲ್ಲಿ ಕರಗಿಸಿಕೊಳ್ಳಿ, ಹರಳು ನೇರವಾಗಿ ಮೀನಿನ ಮೇಲೆ ಬೀಳಬಾರದು.